ಮೀನುಗಾರಿಕಾ ದೋಣಿಗಳಲ್ಲಿ ಬ್ಯಾಟರಿ: ಚಾರ್ಜು ಮಾಡುವ ಕ್ರಮ ಮತ್ತು ಸಂರಕ್ಷಣೆ

ಪೀಠಿಕೆ

ಕಡಲಿಗಿಳಿಯುವ ದೋಣಿಗೆ ಎಂಜಿನ್ನು, ಬಲೆ ಮತ್ತು ಮಂಜುಗಡ್ಡೆ ಎಷ್ಟು ಅವಶ್ಯವೋ ಬ್ಯಾಟರಿಯೂ ಇಂದು ಅಷ್ಟೇ ಅವಶ್ಯವಾಗಿದೆ. ಎಂಜಿನ್ನನ್ನು ಚಾಲೂ ಮಾಡುವುದು, ರಾತ್ರಿಯ ದೀಪಗಳನ್ನು ಉರಿಸುವುದು, ನಿಸ್ತಂತು ದೂರವಾಣಿಯ ಮೂಲಕ ದಡದೊಡನೆ ಹಾಗೂ ಇತರ ದೋಣಿಗಳೊಡನೆ ಮಾತನಾಡುವುದು, ಉಪಗ್ರಹದ ನೆರವಿನಿಂದ ದೋಣಿಯ ಸ್ಥಾನವನ್ನು ಅರಿಯುವುದು, ಮೀನಿನ ಗುಂಪನ್ನು ಪತ್ತೆ ಹಚ್ಚುವುದು, ಇವೆಲ್ಲವೂ ಬ್ಯಾಟರಿಯನ್ನೇ ಅವಲಂಬಿಸಿವೆ. ಆದರೂ ದೋಣಿಯ ಸಾಮಗ್ರಿಗಳಲ್ಲಿ ಅತ್ಯಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವ ವಸ್ತು ಇದೇ. ಬಲೆ ಹರಿದರೆ ಕಣ್ಣಿಗೆ ಕಾಣುತ್ತದೆ. ಎಂಜಿನ್ನು ಕೆಟ್ಟರೆ ಸದ್ದಿನಿಂದ ತಿಳಿಯುತ್ತದೆ. ಬ್ಯಾಟರಿಯಾದರೋ ಸದ್ದಿಲ್ಲದೆ ಕ್ಷೀಣಿಸಿ, ಅತ್ಯಂತ ಅಗತ್ಯವಾದ ಘಳಿಗೆಯಲ್ಲಿ ಕೈಕೊಡುತ್ತದೆ.

ಕರ್ನಾಟಕದ ಕರಾವಳಿಯಿಂದ ಹೊರಡುವ ಆಳಸಮುದ್ರದ ದೋಣಿಗಳು ಮಹಾರಾಷ್ಟ್ರ ಮತ್ತು ಗುಜರಾತಿನ ಕಡಲಿನವರೆಗೂ ಹೋಗುತ್ತವೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮಂದಿ ಮೀನುಗಾರರೊಡನೆ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿಯ ಸಂಪರ್ಕ ಡಿಸೆಂಬರ್ 15ರ ರಾತ್ರಿ ಕಡಿದುಹೋಯಿತು. ತಿಂಗಳುಗಳ ಶೋಧದ ನಂತರ, 2019ರ ಮೇ ತಿಂಗಳಲ್ಲಿ, ನೌಕಾಪಡೆಯ ‘ನಿರೀಕ್ಷಕ್’ ನೌಕೆ ಮಹಾರಾಷ್ಟ್ರದ ಮಾಲ್ವಣದ ಬಳಿಯ ಸಮುದ್ರತಳದಲ್ಲಿ ಅದರ ಅವಶೇಷವನ್ನು ಪತ್ತೆ ಮಾಡಿತು. ಆ ದುರಂತಕ್ಕೆ ಬ್ಯಾಟರಿ ಕಾರಣವೆಂದು ಇಲ್ಲಿ ಹೇಳುತ್ತಿಲ್ಲ. ದೋಣಿಯೊಡನೆ ಮಾತು ನಿಂತ ಕ್ಷಣದಿಂದ ದಡದಲ್ಲಿರುವ ಕುಟುಂಬಗಳು ಅನುಭವಿಸುವ ಸಂಕಟ ಎಂತಹುದು ಎಂಬುದನ್ನು ಅದು ಇಡೀ ಕರಾವಳಿಗೆ ಮನವರಿಕೆ ಮಾಡಿಕೊಟ್ಟಿತು. ಆ ಮಾತು ನಿಲ್ಲದಂತೆ ನೋಡಿಕೊಳ್ಳಲು ಮೀನುಗಾರನ ಕೈಯಲ್ಲಿಯೇ ಇರುವ ಸುಲಭೋಪಾಯಗಳಲ್ಲಿ ಬ್ಯಾಟರಿಯ ಆರೈಕೆಯೂ ಒಂದು. ಈ ಲೇಖನದ ಉದ್ದೇಶ ಆ ಆರೈಕೆಯ ಕ್ರಮವನ್ನು ವಿವರಿಸುವುದಾಗಿದೆ.

ಪರೇಲ್ ಮತ್ತು ಮುಂಬೈಯ ಪೂರ್ವ ಕಡಲಂಚು

ಮುಂಬೈ ನಗರವು ಮೂಲತಃ ಏಳು ದ್ವೀಪಗಳ ಸಮೂಹ. ಅವುಗಳನ್ನು ಒಂದುಗೂಡಿಸುವ ಮೊದಲು ಇಲ್ಲಿ ನೆಲೆಸಿದ್ದವರು ಕೋಳಿ ಜನಾಂಗದ ಮೀನುಗಾರರು. ಪರೇಲ್ ಇಂದು ಹಳೆಯ ಬಟ್ಟೆ ಗಿರಣಿಗಳ, ಆಸ್ಪತ್ರೆಗಳ ಮತ್ತು ಎತ್ತರದ ಕಟ್ಟಡಗಳ ಬಡಾವಣೆಯೆಂದು ಪ್ರಸಿದ್ಧವಾಗಿದ್ದರೂ, ಅದರ ಪೂರ್ವಕ್ಕೆ ತಗಲಿಕೊಂಡಿರುವ ಶಿವಡಿಯಲ್ಲಿ ಕೋಳಿವಾಡವೂ ಕೆಸರುಬಯಲಿನ ಕಡಲಂಚೂ ಇವೆ. ಅಲ್ಲಿಂದ ದಕ್ಷಿಣಕ್ಕೆ ಮಝಗಾಂವ್‌ನಲ್ಲಿ ಭಾವೂಚಾ ಧಕ್ಕೆಯೂ, ಕೊಲಾಬದಲ್ಲಿ 1875ರಲ್ಲಿ ನಿರ್ಮಾಣವಾದ ಸಸೂನ್ ಡಾಕೂ ಮೀನಿಳಿಸುವ ಪ್ರಮುಖ ತಾಣಗಳಾಗಿವೆ. ಈ ಧಕ್ಕೆಗಳಿಗೆ ಬರುವ ದೋಣಿಗಳಲ್ಲಿ ಮರಾಠಿ, ಗುಜರಾತಿ, ತುಳು, ಕನ್ನಡ ನುಡಿಗಳು ಬೆರೆತು ಕೇಳಿಬರುತ್ತವೆ. ಮುಂಬೈಗೂ ಕರ್ನಾಟಕದ ಕರಾವಳಿಯ ಮೊಗವೀರ ಸಮಾಜಕ್ಕೂ ಇರುವ ನಂಟು ಶತಮಾನಕ್ಕೂ ಮಿಗಿಲಾದುದು.

ಇಲ್ಲಿನ ದೋಣಿಗಳಿಗೆ ಎರಡು ವಿಶೇಷ ತೊಡಕುಗಳಿವೆ. ಮೊದಲನೆಯದು, ಡೋಲ್ ಬಲೆಯ ದೋಣಿಗಳ ಕೆಲಸದ ರೀತಿ. ಬೊಂಬಿಲ್ ಮತ್ತು ಸಿಗಡಿಗಾಗಿ ಹಾಕುವ ಈ ಚೀಲದಾಕಾರದ ಬಲೆ ಉಬ್ಬರವಿಳಿತದ ಸೆಳೆತವನ್ನೇ ನಂಬಿದೆ. ನೀರು ತಿರುಗುವವರೆಗೆ ದೋಣಿ ಲಂಗರು ಹಾಕಿ, ಎಂಜಿನ್ನು ನಿಲ್ಲಿಸಿ ಕಾಯಬೇಕಾಗುತ್ತದೆ. ಆ ಅವಧಿಯಲ್ಲೆಲ್ಲ ದೀಪ ಮತ್ತು ನಿಸ್ತಂತು ಉಪಕರಣಗಳು ಬ್ಯಾಟರಿಯಿಂದಲೇ ನಡೆಯಬೇಕು. ಎರಡನೆಯದು, ಬಂದರಿನ ಹತ್ತಿರದಲ್ಲೇ ಮೀನು ಹಿಡಿಯುವ ಸಣ್ಣ ದೋಣಿಗಳ ಓಡಾಟ. ಇವುಗಳ ಎಂಜಿನ್ನು ಅಲ್ಪ ಕಾಲ ಮಾತ್ರ ಓಡುವುದರಿಂದ ಬ್ಯಾಟರಿ ಎಂದೂ ಪೂರ್ಣವಾಗಿ ತುಂಬುವುದಿಲ್ಲ. ಅರೆಹೊಟ್ಟೆಯಲ್ಲಿಯೇ ಉಳಿಯುವ ಬ್ಯಾಟರಿಯ ಆಯುಷ್ಯ ಏಕೆ ಕುಗ್ಗುತ್ತದೆ ಎಂಬುದನ್ನು ಮುಂದೆ ನೋಡಬಹುದು.

ಹಡಗುಗಳ ದಾರಿಯ ಸಮೀಪದಲ್ಲಿ ದೀಪವಿಲ್ಲದೆ ನಿಂತ ದೋಣಿ ಘೋರ ಅಪಾಯಕ್ಕೆ ಆಹ್ವಾನವೀಯುತ್ತದೆ. ಸಮುದ್ರದಲ್ಲಿ ಡಿಕ್ಕಿ ತಡೆಯಲು 1972ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ, ಟ್ರಾಲ್ ಬಲೆ ಎಳೆಯುವ ದೋಣಿ ಮೇಲೆ ಹಸಿರು, ಕೆಳಗೆ ಬಿಳಿ ದೀಪವನ್ನೂ, ಇತರ ಬಲೆಗಳಿಂದ ಮೀನು ಹಿಡಿಯುತ್ತಿರುವ ದೋಣಿ ಮೇಲೆ ಕೆಂಪು, ಕೆಳಗೆ ಬಿಳಿ ದೀಪವನ್ನೂ ತೋರಿಸಬೇಕು. ರಾತ್ರಿ ಎರಡು ಗಂಟೆಗೆ ಬ್ಯಾಟರಿ ಬರಿದಾದರೆ ಈ ದೀಪಗಳು ಮಂಕಾಗಿ ನಂದುತ್ತವೆ. ಎಂಜಿನ್ನನ್ನು ಚಾಲೂ ಮಾಡಿ ಪಕ್ಕಕ್ಕೆ ಸರಿಯುವ ಶಕ್ತಿಯೂ ಉಳಿಯುವುದಿಲ್ಲ.

ಬ್ಯಾಟರಿಯ ರಚನೆ ಮತ್ತು ಕಾರ್ಯವಿಧಾನ

ದೋಣಿಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ವಿಜ್ಞಾನಿ ಗಾಸ್ತೋನ್ ಪ್ಲಾಂಟೆ ಇದನ್ನು ಮೊದಲು ರಚಿಸಿದನು. 12 ವೋಲ್ಟಿನ ಬ್ಯಾಟರಿಯಲ್ಲಿ ತಲಾ ಸುಮಾರು 2.1 ವೋಲ್ಟಿನ ಆರು ಕೋಶಗಳಿರುತ್ತವೆ. ಪ್ರತಿ ಕೋಶದಲ್ಲಿ ಸೀಸದ ಡೈಆಕ್ಸೈಡಿನ ಧನಫಲಕಗಳೂ, ಸ್ಪಂಜಿನಂತಹ ಸೀಸದ ಋಣಫಲಕಗಳೂ ದುರ್ಬಲ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ.

ಬ್ಯಾಟರಿಯಿಂದ ವಿದ್ಯುತ್ತನ್ನು ಪಡೆಯುವಾಗ ಎರಡು ಬಗೆಯ ಫಲಕಗಳೂ ಸೀಸದ ಸಲ್ಫೇಟಾಗಿ ಮಾರ್ಪಡುತ್ತವೆ. ಆಮ್ಲದ ಸತ್ವ ಕಡಿಮೆಯಾಗಿ ನೀರಿನ ಅಂಶ ಹೆಚ್ಚುತ್ತದೆ. ಚಾರ್ಜು ಮಾಡಿದಾಗ ಈ ಕ್ರಿಯೆ ಹಿಮ್ಮುಖವಾಗಿ ನಡೆದು ಫಲಕಗಳು ಪೂರ್ವಸ್ಥಿತಿಗೆ ಮರಳುತ್ತವೆ. ಆದರೆ ಬ್ಯಾಟರಿಯನ್ನು ಬರಿದು ಮಾಡಿ ದಿನಗಟ್ಟಲೆ ಹಾಗೆಯೇ ಬಿಟ್ಟಲ್ಲಿ, ಅಥವಾ ಪ್ರತಿಸಲವೂ ಅರ್ಧಂಬರ್ಧ ತುಂಬಿದಲ್ಲಿ, ಮೃದುವಾಗಿದ್ದ ಸಲ್ಫೇಟು ಗಟ್ಟಿ ಹರಳುಗಳಾಗಿ ಫಲಕಕ್ಕೆ ಕಚ್ಚಿಕೊಳ್ಳುತ್ತದೆ. ಆ ಭಾಗ ಮತ್ತೆ ವಿದ್ಯುತ್ತನ್ನು ಸಂಗ್ರಹಿಸಲಾರದು. ‘ಬ್ಯಾಟರಿ ಚಾರ್ಜು ಹಿಡಿಯುತ್ತಿಲ್ಲ’ ಎಂಬ ದೂರಿಗೆ ಬಹುಮಟ್ಟಿಗೆ ಕಾರಣ ಇದೇ.

ಎರಡು ಬಗೆಯ ಬ್ಯಾಟರಿಗಳು

ಎಂಜಿನ್ನು ಚಾಲೂ ಮಾಡುವ ಬ್ಯಾಟರಿ ಬೇರೆ, ದೀಪ ಮತ್ತು ಉಪಕರಣಗಳಿಗೆ ದೀರ್ಘಕಾಲ ವಿದ್ಯುತ್ ನೀಡುವ ಬ್ಯಾಟರಿ ಬೇರೆ. ಮೊದಲನೆಯದರಲ್ಲಿ ತೆಳುವಾದ ಹಲವು ಫಲಕಗಳಿರುತ್ತವೆ. ಅದು ಕೆಲವೇ ಸೆಕೆಂಡುಗಳ ಕಾಲ ನೂರಾರು ಆಂಪಿಯರ್ ಪ್ರವಾಹವನ್ನು ಕೊಡಬಲ್ಲದು. ಆದರೆ ಪದೇ ಪದೇ ಬರಿದಾದರೆ ಬೇಗನೆ ಹಾಳಾಗುತ್ತದೆ. ಎರಡನೆಯದರಲ್ಲಿ ದಪ್ಪ ಫಲಕಗಳು ಅಥವಾ ಕೊಳವೆಯಾಕಾರದ ಧನಫಲಕಗಳಿರುತ್ತವೆ. ಮಾರುಕಟ್ಟೆಯಲ್ಲಿ ಇದನ್ನು ಟ್ಯೂಬುಲರ್ ಬ್ಯಾಟರಿ ಎನ್ನುತ್ತಾರೆ. ಇದು ನಿಧಾನವಾಗಿ ಖರ್ಚಾಗುವುದಕ್ಕೂ ಮತ್ತೆ ತುಂಬುವುದಕ್ಕೂ ತಕ್ಕುದಾಗಿದೆ. ವಿದೇಶಗಳ ಸಣ್ಣ ದೋಣಿಗಳಲ್ಲಿ ಸದ್ದಿಲ್ಲದೆ ಸಾಗಲು ಬಳಸುವ ವಿದ್ಯುತ್ ಮೋಟಾರುಗಳಿಗೂ ಈ ಎರಡನೆಯ ಬಗೆಯೇ ಬೇಕು. 50 ಆಂಪಿಯರ್ ಎಳೆಯುವ ಅಂತಹ ಮೋಟಾರು 100 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಎರಡು ಗಂಟೆಗೂ ಮುನ್ನವೇ ಬರಿದು ಮಾಡುತ್ತದೆ. ಏಕೆಂದರೆ ಪ್ರವಾಹ ಹೆಚ್ಚಿದಷ್ಟೂ ಬ್ಯಾಟರಿಯಿಂದ ದೊರೆಯುವ ಒಟ್ಟು ವಿದ್ಯುತ್ತು ಕಡಿಮೆಯಾಗುತ್ತದೆ.

ಆದುದರಿಂದ ದೋಣಿಯಲ್ಲಿ ಎರಡು ಪ್ರತ್ಯೇಕ ಬ್ಯಾಟರಿಗಳಿರುವುದು ಉಚಿತ. ಒಂದು ಎಂಜಿನ್ನಿಗೆ, ಇನ್ನೊಂದು ದೀಪ ಮತ್ತು ಉಪಕರಣಗಳಿಗೆ. ಇವೆರಡನ್ನೂ ಬೇರ್ಪಡಿಸುವ ಸ್ವಿಚ್ಚನ್ನು ಅಳವಡಿಸಿ, ಎಂಜಿನ್ನು ನಿಂತಿರುವಾಗ ಉಪಕರಣಗಳು ಎಂಜಿನ್ನಿನ ಬ್ಯಾಟರಿಯನ್ನು ಮುಟ್ಟದಂತೆ ನೋಡಿಕೊಳ್ಳಬೇಕು. ದೀಪದ ಬ್ಯಾಟರಿ ಬರಿದಾದರೂ ಎಂಜಿನ್ನು ಚಾಲೂ ಆಗುವ ಭರವಸೆ ಇದರಿಂದ ದೊರೆಯುತ್ತದೆ.

ಎಷ್ಟು ಸಾಮರ್ಥ್ಯದ ಬ್ಯಾಟರಿ ಬೇಕು?

ಬ್ಯಾಟರಿಯ ಸಾಮರ್ಥ್ಯವನ್ನು ಆಂಪಿಯರ್-ಗಂಟೆಗಳಲ್ಲಿ ಅಳೆಯುತ್ತಾರೆ. ಉಪಕರಣದ ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ದೊರೆಯುತ್ತದೆ. ಅದನ್ನು ಉರಿಯುವ ಗಂಟೆಗಳಿಂದ ಗುಣಿಸಿದರೆ ಖರ್ಚು ತಿಳಿಯುತ್ತದೆ. ಎಂಜಿನ್ನು ನಿಲ್ಲಿಸಿ ಹತ್ತು ಗಂಟೆ ಲಂಗರಿನಲ್ಲಿರುವ ದೋಣಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

1. ತಲಾ 10 ವ್ಯಾಟಿನ ನಾಲ್ಕು ದೀಪಗಳು, 10 ಗಂಟೆ: ಸುಮಾರು 33 ಆಂಪಿಯರ್-ಗಂಟೆ.
2. ಅಟ್ಟಣೆಯ 20 ವ್ಯಾಟಿನ ದೀಪ, 3 ಗಂಟೆ: 5 ಆಂಪಿಯರ್-ಗಂಟೆ.
3. ನಿಸ್ತಂತು ದೂರವಾಣಿ, ಆಲಿಸುವ ಸ್ಥಿತಿಯಲ್ಲಿ ಅರ್ಧ ಆಂಪಿಯರಿನಂತೆ 10 ಗಂಟೆ, ಮಾತನಾಡುವಾಗ 5 ಆಂಪಿಯರಿನಂತೆ 12 ನಿಮಿಷ: 6 ಆಂಪಿಯರ್-ಗಂಟೆ.
4. ಸ್ಥಾನಸೂಚಕ ಮತ್ತು ಮೀನುಶೋಧಕ, ಒಟ್ಟು 1 ಆಂಪಿಯರಿನಂತೆ 10 ಗಂಟೆ: 10 ಆಂಪಿಯರ್-ಗಂಟೆ.

ಒಟ್ಟು ಖರ್ಚು 54 ಆಂಪಿಯರ್-ಗಂಟೆ. ಸೀಸದ ಬ್ಯಾಟರಿಯನ್ನು ಅದರ ಸಾಮರ್ಥ್ಯದ ಅರ್ಧಕ್ಕಿಂತ ಕೆಳಗೆ ಇಳಿಸಬಾರದೆಂಬ ನಿಯಮವನ್ನು ಪಾಲಿಸುವುದಾದರೆ, ಈ ದೋಣಿಗೆ ಕನಿಷ್ಠ 110 ಆಂಪಿಯರ್-ಗಂಟೆಯ ಬ್ಯಾಟರಿ ಬೇಕು. ಆದರೆ ನಾಲ್ಕು ದೀಪಗಳ ಬದಲಿಗೆ ತಲಾ 3 ವ್ಯಾಟಿನ ಎಲ್.ಇ.ಡಿ. ದೀಪಗಳನ್ನು ಹಾಕಿದಲ್ಲಿ ಮೊದಲನೆಯ ಬಾಬಿನ ಖರ್ಚು 33ರಿಂದ 10ಕ್ಕೆ ಇಳಿದು, ಒಟ್ಟು ಖರ್ಚು 31 ಆಂಪಿಯರ್-ಗಂಟೆಯಾಗುತ್ತದೆ. ದೊಡ್ಡ ಬ್ಯಾಟರಿ ಕೊಳ್ಳುವ ಮುನ್ನ ದೀಪಗಳನ್ನು ಬದಲಾಯಿಸುವುದು ಲಾಭಕರ ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಹಾಗೆ ಬದಲಾಯಿಸುವಾಗ ಸಂಚಾರ ದೀಪಗಳ ಬಣ್ಣ ಮತ್ತು ಕಾಣುವ ದೂರ ನಿಯಮಕ್ಕೆ ಅನುಗುಣವಾಗಿರಬೇಕು.

ಬ್ಯಾಟರಿಯ ಸ್ಥಿತಿಯನ್ನು ಅರಿಯುವುದು

ಮುಚ್ಚಳ ತೆರೆಯಬಹುದಾದ ಬ್ಯಾಟರಿಯ ಸ್ಥಿತಿಯನ್ನು ತಿಳಿಯಲು ಹೈಡ್ರೋಮೀಟರೇ ಅತ್ಯಂತ ವಿಶ್ವಾಸಾರ್ಹ ಸಾಧನ. ಇದು ಆಮ್ಲದ ಸಾಪೇಕ್ಷ ಸಾಂದ್ರತೆಯನ್ನು ತೋರಿಸುತ್ತದೆ. ಪೂರ್ಣ ಚಾರ್ಜಿನಲ್ಲಿ 1.265 ಸಾಂದ್ರತೆಯಿರುವ ಬ್ಯಾಟರಿಗೆ ಸ್ಥೂಲವಾಗಿ ಈ ಕೆಳಗಿನ ಅಂಕಿಗಳು ಅನ್ವಯಿಸುತ್ತವೆ.

ಪೂರ್ಣ ಚಾರ್ಜು: ಸಾಂದ್ರತೆ 1.265, ವೋಲ್ಟೇಜು 12.6ರಿಂದ 12.7
ಮುಕ್ಕಾಲು: ಸಾಂದ್ರತೆ 1.225, ವೋಲ್ಟೇಜು 12.4
ಅರ್ಧ: ಸಾಂದ್ರತೆ 1.190, ವೋಲ್ಟೇಜು 12.2
ಕಾಲು: ಸಾಂದ್ರತೆ 1.155, ವೋಲ್ಟೇಜು 12.0
ಬರಿದು: ಸಾಂದ್ರತೆ 1.120, ವೋಲ್ಟೇಜು 11.8

ಉಷ್ಣವಲಯಕ್ಕಾಗಿ ತಯಾರಾದ ಹಲವು ಬ್ಯಾಟರಿಗಳಲ್ಲಿ ಆಮ್ಲವನ್ನು ಉದ್ದೇಶಪೂರ್ವಕವಾಗಿಯೇ ದುರ್ಬಲವಾಗಿಟ್ಟಿರುತ್ತಾರೆ. ಅವುಗಳ ಪೂರ್ಣ ಚಾರ್ಜಿನ ಸಾಂದ್ರತೆ 1.240ರಷ್ಟಿದ್ದು, ವೋಲ್ಟೇಜು 12.5ರ ಆಸುಪಾಸಿನಲ್ಲಿರುತ್ತದೆ. ಇದನ್ನು ದೋಷವೆಂದು ಭಾವಿಸಿ ಆಮ್ಲ ಸುರಿಯುವುದು ತಪ್ಪು. ಬ್ಯಾಟರಿಯ ಮೇಲಿನ ಚೀಟಿಯಲ್ಲಿ ನಮೂದಿಸಿದ ಅಂಕಿಯನ್ನೇ ಪ್ರಮಾಣವಾಗಿ ಹಿಡಿಯಬೇಕು.

ಅಳೆಯುವ ಮುನ್ನ ಗಮನಿಸಬೇಕಾದ ಸಂಗತಿಗಳು ಎರಡು. ಚಾರ್ಜು ನಿಲ್ಲಿಸಿದ ಕೂಡಲೇ ವೋಲ್ಟೇಜು ಹುಸಿಯಾಗಿ ಹೆಚ್ಚು ಕಾಣುತ್ತದೆ. ಆದುದರಿಂದ ಕನಿಷ್ಠ ನಾಲ್ಕು ಗಂಟೆ ಬ್ಯಾಟರಿಗೆ ವಿಶ್ರಾಂತಿ ಕೊಟ್ಟು ಅಳೆಯಬೇಕು. ಎರಡನೆಯದಾಗಿ, ಆರು ಕೋಶಗಳ ಸಾಂದ್ರತೆಯೂ ಹೆಚ್ಚುಕಡಿಮೆ ಸಮನಾಗಿರಬೇಕು. ಒಂದೇ ಒಂದು ಕೋಶ ಉಳಿದವುಗಳಿಗಿಂತ 0.050ರಷ್ಟು ಕೆಳಗಿದ್ದು, ಪೂರ್ಣ ಚಾರ್ಜಿನ ನಂತರವೂ ಸುಧಾರಿಸದಿದ್ದರೆ ಆ ಬ್ಯಾಟರಿಯನ್ನು ನಂಬಿ ಕಡಲಿಗೆ ಹೋಗಬಾರದು.

ಚಾರ್ಜು ಮಾಡುವ ಕ್ರಮ

ಎಂಜಿನ್ನು ಓಡುವಾಗ ಅದಕ್ಕೆ ಪಟ್ಟಿಯ ಮೂಲಕ ಜೋಡಿಸಿರುವ ಆಲ್ಟರ್ನೇಟರು ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ಓಡುವ ಎಂಜಿನ್ನಿನಲ್ಲಿ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. 13ಕ್ಕಿಂತ ಕಡಿಮೆ ಇದ್ದರೆ ಪಟ್ಟಿ ಸಡಿಲವಾಗಿದೆಯೇ, ತಂತಿಯ ಜೋಡಣೆಗೆ ತುಕ್ಕು ಹಿಡಿದಿದೆಯೇ ಎಂದು ಪರೀಕ್ಷಿಸಬೇಕು. 15ನ್ನು ಮೀರಿದರೆ ನಿಯಂತ್ರಕ ಕೆಟ್ಟಿದೆಯೆಂದು ತಿಳಿದು ತಡಮಾಡದೆ ದುರಸ್ತಿ ಮಾಡಿಸಬೇಕು.

ಆಲ್ಟರ್ನೇಟರಿನ ಚಾರ್ಜು ಸಾಲದ ದೋಣಿಗಳ ಬ್ಯಾಟರಿಯನ್ನು ದಡಕ್ಕೆ ತಂದು, ಮನೆಯ ಅಥವಾ ಅಂಗಡಿಯ ಚಾರ್ಜರಿನಿಂದ ಪೂರ್ಣವಾಗಿ ತುಂಬಬೇಕು. ಚಾರ್ಜಿನ ಪ್ರವಾಹ ಬ್ಯಾಟರಿಯ ಸಾಮರ್ಥ್ಯದ ಹತ್ತನೆಯ ಒಂದು ಭಾಗದಷ್ಟಿರುವುದು ಕ್ಷೇಮ; ಅಂದರೆ 100 ಆಂಪಿಯರ್-ಗಂಟೆಯ ಬ್ಯಾಟರಿಗೆ 10 ಆಂಪಿಯರ್. ಈ ಕ್ರಿಯೆ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ಪ್ರವಾಹ ಸ್ಥಿರವಾಗಿದ್ದು ವೋಲ್ಟೇಜು ಸುಮಾರು 14.4ರವರೆಗೆ ಏರುತ್ತದೆ. ಎರಡನೆಯ ಹಂತದಲ್ಲಿ ವೋಲ್ಟೇಜು ಅಲ್ಲಿಯೇ ನಿಂತು ಪ್ರವಾಹ ಕ್ರಮೇಣ ಇಳಿಯುತ್ತದೆ. ಮೂರನೆಯ ಹಂತದಲ್ಲಿ ಸುಮಾರು 13.5 ವೋಲ್ಟಿನಲ್ಲಿ ಬ್ಯಾಟರಿಯನ್ನು ತುಂಬಿದ ಸ್ಥಿತಿಯಲ್ಲಿ ಕಾಯ್ದಿಡಲಾಗುತ್ತದೆ. ಈ ಹಂತಗಳನ್ನು ತಾನಾಗಿಯೇ ನಿರ್ವಹಿಸುವ ಚಾರ್ಜರುಗಳು ಈಗ ದೊರೆಯುತ್ತವೆ.

ಅರ್ಧ ಬರಿದಾದ 100 ಆಂಪಿಯರ್-ಗಂಟೆಯ ಬ್ಯಾಟರಿಗೆ 50 ಆಂಪಿಯರ್-ಗಂಟೆ ಹಿಂದಿರುಗಿಸಬೇಕು. ನಷ್ಟವನ್ನೂ ಸೇರಿಸಿದರೆ ಸುಮಾರು 60. ಹತ್ತು ಆಂಪಿಯರಿನಲ್ಲಿ ಇದು ಆರು ಗಂಟೆಯ ಕೆಲಸವೆಂದು ತೋರಿದರೂ, ಎರಡನೆಯ ಹಂತದಲ್ಲಿ ಪ್ರವಾಹ ಇಳಿಯುವುದರಿಂದ ವಾಸ್ತವದಲ್ಲಿ ಎಂಟರಿಂದ ಹತ್ತು ಗಂಟೆ ಹಿಡಿಯುತ್ತದೆ. ‘ಎರಡು ಗಂಟೆ ಹಾಕಿದರೆ ಸಾಕು’ ಎಂದು ಅವಸರದಿಂದ ತೆಗೆದೊಯ್ದ ಬ್ಯಾಟರಿಯಲ್ಲಿಯೇ ಸಲ್ಫೇಟಿನ ಹರಳು ಬೆಳೆಯುವುದು. ಮಂದ ಪ್ರವಾಹದಲ್ಲಿ ರಾತ್ರಿಯಿಡೀ ತುಂಬಿಸುವುದೇ ಉತ್ತಮ ಕ್ರಮ. ಮುಂಬೈಯಂತಹ ಸೆಕೆಯ ಊರಿನಲ್ಲಿ ಬ್ಯಾಟರಿ ಮುಟ್ಟಲಾಗದಷ್ಟು ಬಿಸಿಯಾದರೆ ಚಾರ್ಜನ್ನು ನಿಲ್ಲಿಸಿ ತಣಿಯಲು ಬಿಡಬೇಕು.

ಜೋಡಿಸುವ ಮತ್ತು ಬಿಡಿಸುವ ಅನುಕ್ರಮವೂ ಮುಖ್ಯ. ಚಾರ್ಜರಿನ ಸ್ವಿಚ್ಚು ಆರಿರುವಾಗಲೇ ಮೊದಲು ಧನ ತಂತಿ, ಅನಂತರ ಋಣ ತಂತಿ ಜೋಡಿಸಿ, ಕೊನೆಗೆ ಸ್ವಿಚ್ಚು ಹಾಕಬೇಕು. ಬಿಡಿಸುವಾಗ ಮೊದಲು ಸ್ವಿಚ್ಚು ಆರಿಸಿ, ಋಣ ತಂತಿಯನ್ನು ತೆಗೆದು, ಕೊನೆಗೆ ಧನ ತಂತಿಯನ್ನು ತೆಗೆಯಬೇಕು. ಧಕ್ಕೆಯ ಮೇಲೆ ಚಾರ್ಜರ್ ಬಳಸುವಾಗ ಭೂಸಂಪರ್ಕವಿರುವ ಮೂರು ಕಡ್ಡಿಯ ಪ್ಲಗ್ಗನ್ನೂ, ವಿದ್ಯುತ್ ಸೋರಿದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚನ್ನೂ ಉಪಯೋಗಿಸಬೇಕು. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು, ಸುಲಿದ ತಂತಿಯನ್ನು ಸಾಕೆಟ್ಟಿಗೆ ತುರುಕುವ ಅಭ್ಯಾಸ ಪ್ರಾಣಾಂತಕವಾದುದು.

ನೀರು ತುಂಬುವುದು

ಚಾರ್ಜಿನ ಕೊನೆಯ ಭಾಗದಲ್ಲಿ ಆಮ್ಲದೊಳಗಿನ ನೀರು ವಿಭಜನೆಗೊಂಡು ಅನಿಲವಾಗಿ ಹೊರಬೀಳುವುದರಿಂದ ಮಟ್ಟ ಇಳಿಯುತ್ತದೆ. ಹದಿನೈದು ದಿನಗಳಿಗೊಮ್ಮೆ ಮುಚ್ಚಳಗಳನ್ನು ತೆಗೆದು ನೋಡಿ, ಫಲಕಗಳು ಮುಳುಗಿ ಗುರುತಿನ ಮಟ್ಟದವರೆಗೆ ಬರುವಂತೆ ಬಟ್ಟಿ ಇಳಿಸಿದ ನೀರನ್ನು ಹಾಕಬೇಕು. ಫಲಕ ಮುಳುಗಿದ್ದಲ್ಲಿ ಚಾರ್ಜಿನ ನಂತರ ನೀರು ಹಾಕುವುದು ಸರಿಯಾದ ಕ್ರಮ; ಏಕೆಂದರೆ ಚಾರ್ಜಾಗುವಾಗ ದ್ರವ ಉಬ್ಬಿ ಹೊರಚೆಲ್ಲುತ್ತದೆ. ಫಲಕ ಬರಿದಾಗಿ ಕಾಣುತ್ತಿದ್ದರೆ ಮಾತ್ರ ಮುಳುಗುವಷ್ಟು ನೀರನ್ನು ಮೊದಲೇ ಹಾಕಬೇಕು.

ನಲ್ಲಿಯ ನೀರು, ಬಾವಿಯ ನೀರು ಸಲ್ಲದು; ಅವುಗಳಲ್ಲಿನ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಸಮುದ್ರದ ನೀರಂತೂ ಸರ್ವಥಾ ಕೂಡದು. ಉಪ್ಪುನೀರು ಕೋಶದೊಳಗೆ ಸೇರಿದ ಬ್ಯಾಟರಿಯನ್ನು ಚಾರ್ಜು ಮಾಡಿದಾಗ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ದೋಣಿಯ ತಳದಲ್ಲಿ ಸೇರಿದ ನೀರಿನಲ್ಲಿ ಮುಳುಗಿದ ಬ್ಯಾಟರಿಯನ್ನು ಹಾಗೆಯೇ ಉಪಯೋಗಿಸದೆ, ತೆರೆದ ಗಾಳಿಗೆ ತಂದು ತಿಳಿದವರಿಂದ ಪರೀಕ್ಷಿಸಬೇಕು.

ಉಪ್ಪು, ತೇವ ಮತ್ತು ಅಲುಗಾಟ

ಬ್ಯಾಟರಿಯನ್ನು ದೋಣಿಯ ತಳಕ್ಕಿಂತ ಎತ್ತರದಲ್ಲಿ, ಆಮ್ಲಕ್ಕೆ ಕರಗದ ತಟ್ಟೆಯ ಮೇಲಿಟ್ಟು, ಅಲೆಗಳ ಹೊಡೆತಕ್ಕೆ ಸರಿಯದಂತೆ ಪಟ್ಟಿಯಿಂದ ಬಿಗಿಯಬೇಕು. 100 ಆಂಪಿಯರ್-ಗಂಟೆಯ ಬ್ಯಾಟರಿ 25ರಿಂದ 30 ಕಿಲೋಗ್ರಾಂ ತೂಗುತ್ತದೆ. ಬಿರುಗಾಳಿಯಲ್ಲಿ ಅದು ಕಿತ್ತುಬಂದರೆ ಆಮ್ಲ ಚೆಲ್ಲುವುದಷ್ಟೇ ಅಲ್ಲ, ಖಲಾಸಿಗಳ ಕಾಲು ಮುರಿಯಬಹುದು. ಇಳಿತದ ವೇಳೆ ಕೆಸರಿನಲ್ಲಿ ನಡೆದು ಬ್ಯಾಟರಿಯನ್ನು ಹೊತ್ತು ತರುವವರು ಇಬ್ಬರಾಗಿ, ಹಿಡಿಯುಳ್ಳ ಪೆಟ್ಟಿಗೆಯಲ್ಲಿಟ್ಟು, ಓರೆಯಾಗದಂತೆ ತರಬೇಕು.

ಟರ್ಮಿನಲ್ಲುಗಳ ಮೇಲೆ ಬೆಳ್ಳಗೆ ಅಥವಾ ಹಸಿರಾಗಿ ಕಟ್ಟುವ ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಸೋಡಾನೀರು ಕೋಶದೊಳಗೆ ಇಳಿಯದಂತೆ ಎಚ್ಚರವಹಿಸಿ, ಒಣಗಿಸಿ, ಬಿಗಿದ ನಂತರ ವ್ಯಾಸಲೀನ್ ಸವರಬೇಕು. ಸಡಿಲ ಅಥವಾ ಕೊಳಕು ಜೋಡಣೆ ಬಿಸಿಯಾಗಿ ವಿದ್ಯುತ್ತನ್ನು ನುಂಗುತ್ತದೆ. ಬ್ಯಾಟರಿಯ ಮೇಲ್ಭಾಗದಲ್ಲಿ ಉಪ್ಪಿನ ತೇವವಿದ್ದರೆ ಅದರ ಮೂಲಕವೂ ವಿದ್ಯುತ್ತು ಸದಾ ಸೋರುತ್ತಿರುತ್ತದೆ. ಸೋರಿದ ವಿದ್ಯುತ್ತು ತಳದ ನೀರನ್ನು ಸೇರಿದಲ್ಲಿ ಪ್ರೊಪೆಲ್ಲರಿನ ದಂಡ ಮತ್ತಿತರ ಲೋಹದ ಭಾಗಗಳು ಕೆಲವೇ ತಿಂಗಳಲ್ಲಿ ಕೊರೆದುಹೋಗಬಹುದು. ಧನ ತಂತಿಗೆ ಬ್ಯಾಟರಿಯ ಹತ್ತಿರದಲ್ಲಿಯೇ ಫ್ಯೂಸ್ ಇರಬೇಕು. ಫ್ಯೂಸ್ ಇಲ್ಲದ ತಂತಿ ತಗಲಿಕೊಂಡರೆ ಮರದ ದೋಣಿಗೂ ಫೈಬರ್ ದೋಣಿಗೂ ಬೆಂಕಿ ಹತ್ತುತ್ತದೆ.

ಸ್ಫೋಟ ಮತ್ತು ಆಮ್ಲದ ಅಪಾಯ

ಪೂರ್ಣವಾಗಿ ತುಂಬಿದ ಬ್ಯಾಟರಿಗೆ ಇನ್ನೂ ಪ್ರವಾಹ ಹರಿಸಿದರೆ ಹೊರಬರುವುದು ಜಲಜನಕ ಮತ್ತು ಆಮ್ಲಜನಕ. ಗಾಳಿಯಲ್ಲಿ ಜಲಜನಕ ಶೇಕಡಾ 4ರಷ್ಟು ಸೇರಿದರೆ ಕಿಡಿಯೊಂದರಿಂದ ಹೊತ್ತಿಕೊಳ್ಳುತ್ತದೆ. ಆರು ಕೋಶಗಳ ಬ್ಯಾಟರಿಗೆ ಹೀಗೆ ಒಂದು ಗಂಟೆ ಕಾಲ 10 ಆಂಪಿಯರ್ ಹರಿಸಿದಲ್ಲಿ ಸುಮಾರು 25 ಲೀಟರ್ ಜಲಜನಕ ಉತ್ಪತ್ತಿಯಾಗುತ್ತದೆ. 200 ಲೀಟರಿನ ಮೂರು ಡೀಸೆಲ್ ಪೀಪಾಯಿಗಳಷ್ಟು ವಿಸ್ತಾರದ ಮುಚ್ಚಿದ ಜಾಗವನ್ನು ಅಪಾಯದ ಮಿತಿಗೆ ತರಲು ಇಷ್ಟು ಸಾಕು. ದೋಣಿಯ ಬ್ಯಾಟರಿ ಪೆಟ್ಟಿಗೆಯಾಗಲಿ, ಚಾಳಿನ ಕೋಣೆಯ ಮಂಚದ ಕೆಳಭಾಗವಾಗಲಿ ಇದಕ್ಕಿಂತ ಬಹಳ ದೊಡ್ಡದಾಗಿರುವುದಿಲ್ಲ. ಪರೇಲ್, ಲಾಲ್‌ಬಾಗ್, ಶಿವಡಿಗಳ ಇಕ್ಕಟ್ಟಾದ ಮನೆಗಳಲ್ಲಿ ಬ್ಯಾಟರಿ ಚಾರ್ಜು ಮಾಡುವವರು ಈ ಸಂಗತಿಯನ್ನು ವಿಶೇಷವಾಗಿ ಮನಗಾಣಬೇಕು. ಒಲೆ, ದೇವರ ದೀಪ, ಊದುಬತ್ತಿ, ಬೀಡಿ ಇವುಗಳಿಂದ ದೂರದಲ್ಲಿ, ಗಾಳಿಯಾಡುವ ತೆರೆದ ಜಗಲಿಯಲ್ಲಿ ಚಾರ್ಜು ಮಾಡಬೇಕು. ಮಕ್ಕಳು ಮಲಗುವ ಕೋಣೆಯಲ್ಲಿ ಎಂದಿಗೂ ಮಾಡಬಾರದು. ಜಲಜನಕ ಹಗುರವಾದುದರಿಂದ ಮೇಲಕ್ಕೇರುತ್ತದೆ. ಆದುದರಿಂದ ಪೆಟ್ಟಿಗೆಯ ಮೇಲ್ಭಾಗದಲ್ಲಿ ಗಾಳಿಕಂಡಿ ಇರಲೇಬೇಕು.

ಆಮ್ಲ ಕಣ್ಣಿಗೆ ಸಿಡಿದರೆ ಕೂಡಲೇ ಶುದ್ಧ ನೀರಿನಿಂದ ಕನಿಷ್ಠ ಹದಿನೈದು ನಿಮಿಷ ಬಿಡದೆ ತೊಳೆದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಚರ್ಮಕ್ಕೆ ತಗಲಿದರೂ ಮೊದಲ ಚಿಕಿತ್ಸೆ ಧಾರಾಳವಾದ ನೀರೇ. ಕಡಲಿಗೆ ಹೋಗುವಾಗ ಈ ಉದ್ದೇಶಕ್ಕೆಂದೇ ಒಂದು ಡಬ್ಬಿ ಸಿಹಿನೀರನ್ನು ಕಾಯ್ದಿರಿಸುವುದು ಉತ್ತಮ. ಬ್ಯಾಟರಿಯ ಕೆಲಸ ಮಾಡುವಾಗ ಕನ್ನಡಕ ಮತ್ತು ರಬ್ಬರಿನ ಕೈಚೀಲ ಧರಿಸಬೇಕು. ಕೈಯ ಕಡಗ, ಉಂಗುರಗಳನ್ನು ತೆಗೆದಿಡಬೇಕು.

ಮಳೆಗಾಲದ ವಿರಾಮ

ಪಶ್ಚಿಮ ಕರಾವಳಿಯಲ್ಲಿ ಮೀನುಗಳ ಸಂತಾನಾಭಿವೃದ್ಧಿಗಾಗಿ ಕೇಂದ್ರ ಸರ್ಕಾರವು ನಿಗದಿಪಡಿಸಿದ ಯಾಂತ್ರಿಕ ಮೀನುಗಾರಿಕಾ ನಿಷೇಧದ ಅವಧಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳು. ಕೋಳಿ ಬಂಧುಗಳು ನಾರಳಿ ಪೂರ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಹೊಸ ಋತುವಿಗೆ ಅಣಿಯಾಗುತ್ತಾರೆ. ಈ ಬಿಡುವಿನಲ್ಲಿ ದೋಣಿಗೆ ಬಣ್ಣ ಬಳಿಯುತ್ತಾರೆ, ಬಲೆ ಹೆಣೆಯುತ್ತಾರೆ. ಬ್ಯಾಟರಿ ಮಾತ್ರ ದೋಣಿಯಲ್ಲಿಯೇ ಮರೆತುಹೋಗುತ್ತದೆ. ಬಳಸದಿದ್ದರೂ ಬ್ಯಾಟರಿ ತನ್ನಷ್ಟಕ್ಕೆ ತಾನೇ ಬರಿದಾಗುತ್ತದೆ. ಸೆಕೆ ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು. ಎರಡು ತಿಂಗಳ ನಂತರ ಮೊದಲ ಯಾತ್ರೆಯ ದಿನ ಎಂಜಿನ್ನು ಚಾಲೂ ಆಗದಿರುವುದು ಈ ಮರೆವಿನ ಫಲ.

ವಿರಾಮದ ಆರಂಭದಲ್ಲಿ ಬ್ಯಾಟರಿಯನ್ನು ಕಳಚಿ, ತೊಳೆದು, ಪೂರ್ಣ ಚಾರ್ಜು ಮಾಡಿ, ಒಣಗಿದ ಗಾಳಿಯಾಡುವ ಜಾಗದಲ್ಲಿಡಬೇಕು. ತಿಂಗಳಿಗೊಮ್ಮೆ ಮತ್ತೆ ಪೂರ್ಣ ಚಾರ್ಜು ಮಾಡಬೇಕು. ಸಿಮೆಂಟಿನ ನೆಲದ ಮೇಲಿಟ್ಟರೆ ಚಾರ್ಜು ಇಳಿದುಹೋಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಇಂದಿನ ಪ್ಲಾಸ್ಟಿಕ್ ಕವಚದ ಬ್ಯಾಟರಿಗಳಿಗೆ ಅದು ಅನ್ವಯಿಸುವುದಿಲ್ಲ. ಆದರೂ ತೇವ ತಾಗದಂತೆ ಹಲಗೆಯ ಮೇಲಿಡುವುದರಲ್ಲಿ ಹಾನಿಯೇನೂ ಇಲ್ಲ.

ಹೊಸ ಸಾಧನಗಳು

ಸಣ್ಣ ದೋಣಿಗಳಿಗೆ ಸೌರಫಲಕ ಉಪಯುಕ್ತ ಪೂರಕವಾಗಿದೆ. 50 ವ್ಯಾಟಿನ ಫಲಕವು ಒಳ್ಳೆಯ ಬಿಸಿಲಿನ ದಿನ 12ರಿಂದ 15 ಆಂಪಿಯರ್-ಗಂಟೆಗಳಷ್ಟು ತುಂಬಬಲ್ಲದು, ಎಲ್.ಇ.ಡಿ. ದೀಪಗಳ ಒಂದು ರಾತ್ರಿಯ ಖರ್ಚಿಗೆ ಇದು ಸಾಕು. ಫಲಕಕ್ಕೂ ಬ್ಯಾಟರಿಗೂ ನಡುವೆ ಚಾರ್ಜು ನಿಯಂತ್ರಕ ಇರಬೇಕು. ಕೇರಳದ ವೈಕಂ ಮತ್ತು ತವಣಕ್ಕಡವುಗಳ ನಡುವೆ 2017ರಲ್ಲಿ ಆರಂಭವಾದ ‘ಆದಿತ್ಯ’ ಎಂಬ ಸೌರ ಪ್ರಯಾಣಿಕ ದೋಣಿ, ದೋಣಿಯ ಮೋಟಾರನ್ನೇ ಬಿಸಿಲಿನಿಂದ ನಡೆಸಬಹುದೆಂಬುದನ್ನು ತೋರಿಸಿಕೊಟ್ಟಿದೆ.

ಲಿಥಿಯಂ ಬ್ಯಾಟರಿಗಳು ಹಗುರವಾಗಿದ್ದು, ನೀರು ಹಾಕುವ ಅಗತ್ಯವಿಲ್ಲದೆ ದೀರ್ಘಕಾಲ ಬಾಳುತ್ತವೆ. ಬೆಲೆ ಮಾತ್ರ ಹೆಚ್ಚು. ಇವುಗಳಿಗೆ ತಕ್ಕ ಚಾರ್ಜರು ಮತ್ತು ಕಾವಲು ವ್ಯವಸ್ಥೆ ಪ್ರತ್ಯೇಕವಾಗಿಯೇ ಬೇಕು. ಸೀಸದ ಬ್ಯಾಟರಿಯನ್ನು ತೆಗೆದು ಅದೇ ತಂತಿಗೆ ಲಿಥಿಯಂ ಬ್ಯಾಟರಿಯನ್ನು ಸಿಕ್ಕಿಸಿದರೆ ಆಲ್ಟರ್ನೇಟರು ಅತಿಯಾಗಿ ಬಿಸಿಯಾಗಿ ಸುಡಬಹುದು.

ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ 2020ರಲ್ಲಿ ಆರಂಭವಾಯಿತು. ಅದರಡಿ ದೋಣಿಗಳ ಸಂಪರ್ಕ ಮತ್ತು ನೆರವಿನ ವ್ಯವಸ್ಥೆಗೆ 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ರಾಷ್ಟ್ರಮಟ್ಟದಲ್ಲಿ ಚಾಲನೆ ನೀಡಲಾಯಿತು. ಕರಾವಳಿಯ ರಾಜ್ಯಗಳು ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ 1 ಲಕ್ಷ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸುವುದು ಇದರ ಗುರಿ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ರೂಪಿಸಿದ ಈ ಉಪಕರಣದ ಮೂಲಕ ಮೊಬೈಲ್ ಸಂಕೇತ ಸಿಗದ ಆಳಸಮುದ್ರದಿಂದಲೂ ಸಂದೇಶ ಕಳುಹಿಸಬಹುದು, ಪಡೆಯಬಹುದು. ಉಪಕರಣ ಎಷ್ಟೇ ಸುಧಾರಿತವಾಗಿದ್ದರೂ ದೋಣಿಯಲ್ಲಿ ಅದಕ್ಕೆ ವಿದ್ಯುತ್ತು ಬೇಕೇ ಬೇಕು ಎಂಬುದನ್ನು ಮರೆಯಲಾಗದು.

ಹಳೆಯ ಬ್ಯಾಟರಿಯ ವಿಲೇವಾರಿ

ಬ್ಯಾಟರಿಯ ತೂಕದ ಅರ್ಧಕ್ಕೂ ಹೆಚ್ಚು ಭಾಗ ಸೀಸವಾಗಿದ್ದು, ಅದನ್ನು ಕರಗಿಸಿ ಮತ್ತೆ ಬಳಸಬಹುದು. ಆದರೆ ಸೀಸ ತೀವ್ರ ವಿಷವಸ್ತು. ಮಕ್ಕಳ ಬುದ್ಧಿಯ ಬೆಳವಣಿಗೆಗೆ ಅದು ಅಲ್ಪ ಪ್ರಮಾಣದಲ್ಲಿಯೂ ಮಾರಕ. ಹಳೆಯ ಬ್ಯಾಟರಿಯನ್ನು ಮನೆಯ ಬಳಿ ಒಡೆಯುವುದು, ಆಮ್ಲವನ್ನು ಗಟಾರಕ್ಕೋ ಖಾರಿಗೋ ಸುರಿಯುವುದು ಅಪರಾಧವಷ್ಟೇ ಅಲ್ಲ, ಸ್ವಂತ ಅನ್ನಕ್ಕೆ ವಿಷ ಬೆರೆಸಿದಂತೆ. ಶಿವಡಿಯ ಕೆಸರುಬಯಲು ಚಳಿಗಾಲದಲ್ಲಿ ಸಾವಿರಾರು ರಾಜಹಂಸಗಳಿಗೆ ಆಹಾರ ನೀಡುವ ತಾಣ. ಅಲ್ಲಿನ ಏಡಿ, ಸಿಗಡಿಗಳು ಮೀನುಗಾರರ ತಟ್ಟೆಗೂ ಬರುತ್ತವೆ. ಬ್ಯಾಟರಿ ನಿರ್ವಹಣೆಯ 2001ರ ನಿಯಮಗಳ ಸ್ಥಾನದಲ್ಲಿ 2022ರಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಜಾರಿಗೆ ಬಂದಿವೆ. ಇವುಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಪುನರ್ಬಳಕೆಗೆ ಒದಗಿಸುವ ಹೊಣೆ ತಯಾರಕರ ಮೇಲಿದೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಹಿಂದಿರುಗಿಸಿದರೆ ಬೆಲೆಯಲ್ಲಿ ರಿಯಾಯಿತಿಯೂ ದೊರೆಯುವುದುಂಟು.

ಕಡಲಿಗೆ ಹೊರಡುವ ಮುನ್ನ

ತಾಂಡೇಲರು ಪ್ರತಿ ಯಾತ್ರೆಗೂ ಮುನ್ನ ಈ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಅಪೇಕ್ಷಣೀಯ.

1. ಎರಡೂ ಬ್ಯಾಟರಿಗಳು ಪೂರ್ಣ ಚಾರ್ಜು ಆಗಿವೆಯೇ?
2. ಆಮ್ಲದ ಮಟ್ಟ ಸರಿಯಿದೆಯೇ? ಮುಚ್ಚಳಗಳು ಬಿಗಿಯಾಗಿವೆಯೇ?
3. ಟರ್ಮಿನಲ್ಲುಗಳು ಶುಭ್ರವಾಗಿ, ಭದ್ರವಾಗಿವೆಯೇ?
4. ಬ್ಯಾಟರಿಯನ್ನು ಬಿಗಿದ ಪಟ್ಟಿ ಗಟ್ಟಿಯಾಗಿದೆಯೇ? ಗಾಳಿಕಂಡಿ ತೆರೆದಿದೆಯೇ?
5. ಎಲ್ಲ ದೀಪಗಳೂ ಉರಿಯುತ್ತಿವೆಯೇ? ನಿಸ್ತಂತು ದೂರವಾಣಿಯ 16ನೆಯ ವಾಹಿನಿಯಲ್ಲಿ ಧ್ವನಿ ಸ್ಪಷ್ಟವಾಗಿ ಕೇಳುತ್ತಿದೆಯೇ?
6. ಬದಲಿ ಫ್ಯೂಸುಗಳು, ಕೈದೀಪ ಮತ್ತು ಸಿಹಿನೀರಿನ ಡಬ್ಬಿ ಜೊತೆಗಿವೆಯೇ?

ಮೊಬೈಲ್ ಸಂಕೇತ ದೊರೆಯುವ ಕಡೆ, ಆಪತ್ಕಾಲದಲ್ಲಿ ಭಾರತೀಯ ತಟರಕ್ಷಣಾ ಪಡೆಯನ್ನು 1554 ಸಂಖ್ಯೆಯಲ್ಲಿ ಸಂಪರ್ಕಿಸಬಹುದು. ದೋಣಿಯ ಸುರಕ್ಷಾ ಸಾಮಗ್ರಿಗಳಿಗೆ ದೊರೆಯುವ ನೆರವಿನ ವಿವರಗಳನ್ನು ಸಮೀಪದ ಮೀನುಗಾರಿಕಾ ಇಲಾಖೆಯ ಕಚೇರಿಯಿಂದ ಅಥವಾ ತಮ್ಮ ಮೀನುಗಾರರ ಸಹಕಾರ ಸಂಘದಿಂದ ತಿಳಿದುಕೊಳ್ಳಬಹುದು.

ಮೇಲೆ ವಿವರಿಸಿದ ಕ್ರಮಗಳಿಗೆ ಹದಿನೈದು ದಿನಗಳಿಗೊಮ್ಮೆ ಅರ್ಧ ಗಂಟೆಯ ಶ್ರಮ ಮತ್ತು ಅಲ್ಪ ವೆಚ್ಚ ಸಾಕು. ಅದರಿಂದ ಬ್ಯಾಟರಿಯ ಬಾಳಿಕೆ ಹೆಚ್ಚಿ ಹಣ ಉಳಿಯುವುದು ನಿಜ. ಅದಕ್ಕಿಂತ ಮಿಗಿಲಾಗಿ, ನಡುಕಡಲಿನ ಕತ್ತಲೆಯಲ್ಲಿ ದೋಣಿಯ ದೀಪ ಆರದಂತೆಯೂ, ದಡದಲ್ಲಿ ಕಾದಿರುವವರಿಗೆ ಅದರ ದನಿ ಕೇಳುತ್ತಲೇ ಇರುವಂತೆಯೂ ನೋಡಿಕೊಳ್ಳಲು ಈ ಶ್ರಮ ನೆರವಾಗುತ್ತದೆ.